ಚೆನ್ನೈಗೆ ಹೊರಟವರ ಪ್ರಶ್ನೆಗಳು: ಬಿಸಿಲಿಗಿಂತ ಮೊದಲು ನೀರನ್ನು ವಿಚಾರಿಸಿ

ವರ್ಗಾವಣೆ, ಶಾಲಾ ಪ್ರವೇಶಗಳ ಕಾಲ ಸಮೀಪಿಸುತ್ತಿರುವುದರಿಂದ ಚೆನ್ನೈ ಕುರಿತು ಬಂದಿರುವ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರಲ್ಲಿ ಬಹುತೇಕರು ಅಲ್ಲಿನ ಬಿಸಿಲಿಗೆ ಅಂಜಿದ್ದಾರೆ. ನೀರಿನ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಆದ್ದರಿಂದ ಕೇಳದಿದ್ದರೂ ಕೆಲವೆಡೆ ಅದನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಕಲಬುರಗಿಯವನು, ನಲವತ್ತೆರಡು ಡಿಗ್ರಿ ಬಿಸಿಲಿನಲ್ಲೇ ಬೆಳೆದವನು. ಜೂನ್ ತಿಂಗಳಲ್ಲಿ ಚೆನ್ನೈನಲ್ಲಿ ಕೆಲಸಕ್ಕೆ ಸೇರಬೇಕಾಗಿದೆ. ಅಲ್ಲಿನ ಉಷ್ಣಾಂಶ ನಮ್ಮೂರಿಗಿಂತ ಕಡಿಮೆಯೇ ಇರುವಾಗ ಹೋಗಿಬಂದವರೆಲ್ಲ ಹೆದರಿಸುವುದೇಕೆ? ಅಲ್ಲದೆ ಜೂನ್ ಹೊತ್ತಿಗೆ ಮಳೆ ಹಿಡಿದು ತಂಪಾಗಿರುವುದಿಲ್ಲವೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಕರ್ನಾಟಕದಿಂದ ಹೋಗುವವರ ಲೆಕ್ಕ ತಪ್ಪುವುದೇ ಅಲ್ಲಿ. ನಮಗೆ ಜೂನ್ ಎಂದರೆ ಮುಂಗಾರು. ಆದರೆ ಆ ಮಾರುತ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟಗಳಲ್ಲೇ ಸುರಿಸಿ, ಚೆನ್ನೈಯನ್ನು ತಲುಪುವ ಹೊತ್ತಿಗೆ ಬಿಸಿಗಾಳಿಯಾಗಿರುತ್ತದೆ. ಆದ್ದರಿಂದ ಅಲ್ಲಿ ಜೂನ್ ತಿಂಗಳು ಮೇ ತಿಂಗಳಿನಷ್ಟೇ ಸುಡುತ್ತದೆ. ನಡುನಡುವೆ ಸಂಜೆಯ ಗುಡುಗು ಮಳೆ ಬಂದು ಒಂದು ರಾತ್ರಿಯ ಮಟ್ಟಿಗೆ ತಂಪೆರೆದು ಹೋಗುತ್ತದೆ, ಅಷ್ಟೆ. ಪಂಚಾಂಗದ ಪ್ರಕಾರ ಅಗ್ನಿನಕ್ಷತ್ರದ, ಅಂದರೆ ಕಡುಬೇಸಿಗೆಯ ದಿನಗಳ, ಬಿಸಿಲು ಮೇ 4ರ ಸುಮಾರಿಗೆ ಆರಂಭವಾಗಿ 28ರ ಸುಮಾರಿಗೆ ಮುಗಿಯಬೇಕು. ಆದರೆ ನಗರದಲ್ಲಿ 45 ಡಿಗ್ರಿ ದಾಖಲಾದದ್ದು 2003ರ ಮೇ 31ರಂದು. ಪಂಚಾಂಗ ಮುಗಿಯಿತೆಂದು ಬಿಸಿಲು ಮುಗಿಯುವುದಿಲ್ಲ.

ಇನ್ನು ಮೊದಲ ಪ್ರಶ್ನೆ. ಕಲಬುರಗಿಯದು ಒಣ ಬಿಸಿಲು. ಮೈಮೇಲೆ ಬಂದ ಬೆವರು ಆ ಕೂಡಲೇ ಆರಿ, ಆರುವಾಗ ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಚೆನ್ನೈನ ಗಾಳಿಯಲ್ಲಿ ಸಮುದ್ರದ ತೇವ ಮೊದಲೇ ತುಂಬಿರುವುದರಿಂದ ಬೆವರು ಆರದೆ ಮೈಗೆ ಅಂಟಿಕೊಂಡಿರುತ್ತದೆ, ಮತ್ತು ಮೂವತ್ತಾರು ಡಿಗ್ರಿಯೂ ನಲವತ್ತೆರಡನ್ನು ಮೀರಿ ಬಳಲಿಸುತ್ತದೆ. ರಾತ್ರಿಯೂ ಇಪ್ಪತ್ತೇಳು, ಇಪ್ಪತ್ತೆಂಟಕ್ಕಿಂತ ಕೆಳಗಿಳಿಯದಿರುವುದು ಇನ್ನೊಂದು ಕಷ್ಟ. ಇದಕ್ಕೆ ಇರುವ ಪರಿಹಾರವೂ ಸಮುದ್ರದ್ದೇ: ನೆಲ ಕಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಒಳಕ್ಕೆ ಬೀಸತೊಡಗುತ್ತದೆ ಮತ್ತು ಕೆಲವೇ ನಿಮಿಷಗಳಲ್ಲಿ ಹವೆ ಬದಲಾದದ್ದು ಗೊತ್ತಾಗುತ್ತದೆ. ಪಡುವಣ ಗಾಳಿ ಬಲವಾಗಿರುವ ದಿನ ಅದು ತಡವಾಗುತ್ತದೆ. ನಲವತ್ತು ದಾಟುವುದು ಅಂಥ ದಿನಗಳಲ್ಲೇ. ಬಾಡಿಗೆ ಕೋಣೆ ನೋಡುವಾಗ ಪೂರ್ವ ಅಥವಾ ಆಗ್ನೇಯಕ್ಕೆ ಕಿಟಕಿ ಇರುವುದನ್ನೇ ಹಿಡಿಯಿರಿ. ಹತ್ತಿಯ ತೆಳು ಬಟ್ಟೆ ಧರಿಸಿ, ಬಾಯಾರುವ ಮೊದಲೇ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಹೊರಗೆ ತಿರುಗದಿರಿ. ಬಿಸಿಲಿನೂರಿನವನೆಂಬ ಹಮ್ಮನ್ನು ಮೊದಲ ಎರಡು ವಾರವಾದರೂ ಬದಿಗಿಡಬೇಕೆಂದು ನಮ್ಮ ವಿನಂತಿ.

ಪ್ರಶ್ನೆ: ನಾವು ಮೈಸೂರಿನವರು. ನನ್ನ ಕಚೇರಿ ತರಮಣಿಯಲ್ಲಿ, ನನ್ನ ಪತಿಯದು ಸಿರುಸೇರಿಯಲ್ಲಿ. ಮನೆ ಎಲ್ಲಿ ಮಾಡಬೇಕು, ಮನೆ ನೋಡಲು ಹೋದಾಗ ಏನೇನು ವಿಚಾರಿಸಬೇಕು, ಮುಂಗಡ ಎಷ್ಟು ಕೊಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಎರಡೂ ಕಚೇರಿಗಳು ಹಳೆಯ ಮಹಾಬಲಿಪುರಂ ರಸ್ತೆಯ, ಅಂದರೆ ಎಲ್ಲರೂ ಓ.ಎಂ.ಆರ್. ಎನ್ನುವ ರಸ್ತೆಯ ಎರಡು ತುದಿಗಳಲ್ಲಿರುವುದರಿಂದ ನಡುವಿನ ತೊರೈಪಾಕ್ಕಂ ಅಥವಾ ಶೋಲಿಂಗನಲ್ಲೂರಿನಲ್ಲಿ ಮನೆ ಮಾಡಿದರೆ ಇಬ್ಬರಿಗೂ ಸಮವಾಗುತ್ತದೆಂದು ನಕ್ಷೆ ನೋಡಿದವರು ಹೇಳುತ್ತಾರೆ. ನಕ್ಷೆಯಲ್ಲಿ ಕಾಣದ ಸಂಗತಿಯೊಂದಿದೆ. ಈ ರಸ್ತೆಯ ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು ಪ್ರದೇಶವಿದೆ. ದಕ್ಷಿಣ ಚೆನ್ನೈನ ಹಲವು ಕೆರೆಗಳ ಹೆಚ್ಚುವರಿ ನೀರು ಬಂದು ಸೇರುವುದು ಅಲ್ಲಿಗೆ, ಅಲ್ಲಿಂದ ಒಕ್ಕಿಯಂ ಮಡುವು ಎಂಬ ಕಾಲುವೆಯ ಮೂಲಕ ಈ ರಸ್ತೆಯನ್ನು ದಾಟಿ ಬಕಿಂಗ್‌ಹ್ಯಾಂ ಕಾಲುವೆಗೆ ಇಳಿದು ಸಮುದ್ರ ಸೇರುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಜೌಗಿನ ದೊಡ್ಡ ಭಾಗ ಅದಕ್ಕೂ ಮುಂಚೆಯೇ ಕಟ್ಟಡ, ರಸ್ತೆ, ಕಸದ ರಾಶಿಗಳ ಪಾಲಾಗಿತ್ತು. 2015ರ ಡಿಸೆಂಬರ್‌ನಲ್ಲಿ ಅಡಯಾರ್ ನದಿ ಉಕ್ಕಿ ವಿಮಾನ ನಿಲ್ದಾಣವೇ ಕೆಲವು ದಿನ ಮುಚ್ಚಿತ್ತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚ್ಚೇರಿ, ಪೆರುಂಗುಡಿ, ಪಳ್ಳಿಕರಣೈ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿ ಕರೆದೊಯ್ಯಬೇಕಾಯಿತು.

ಹಾಗೆಂದು ಮಳೆ ಹೆಚ್ಚಾಗುವ ಊರಿನಲ್ಲಿ ನೀರು ಧಾರಾಳವಾಗಿರುತ್ತದೆಂದು ತಿಳಿಯಬೇಡಿ. ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲೇ ಬೀಳುವುದರಿಂದ, ಆ ಮೂರು ತಿಂಗಳು ಕೈಕೊಟ್ಟರೆ ಮುಂದಿನ ಬೇಸಿಗೆ ಬರಗಾಲವೇ. 2019ರ ಜೂನ್‌ನಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ನಾಲ್ಕೂ ಹೆಚ್ಚುಕಡಿಮೆ ಬತ್ತಿದ್ದವು, ಮತ್ತು ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ಸಿಗುವ ಜೋಲಾರ್‌ಪೇಟೆಯಿಂದ ಆ ಜುಲೈನಲ್ಲಿ ಐವತ್ತು ವ್ಯಾಗನ್‌ಗಳ ರೈಲಿನಲ್ಲಿ ಕುಡಿಯುವ ನೀರು ಸಾಗಿಸಲಾಯಿತು. (ಅದು ಕಾವೇರಿಯ ನೀರೇ. ಮೈಸೂರಿನವರಾದ ನೀವು ಚೆನ್ನೈಗೆ ಹೋದರೂ ಕಾವೇರಿಯ ಹಂಗಿನಿಂದ ಪೂರ್ತಿ ಹೊರಗೆ ಹೋಗುವುದಿಲ್ಲ.) ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳು ಮೀಂಜೂರಿನಲ್ಲಿ 2010ರಿಂದ, ನೆಮ್ಮೇಲಿಯಲ್ಲಿ 2013ರಿಂದ ಕೆಲಸ ಮಾಡುತ್ತಿರುವುದರಿಂದ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ, ಆದರೆ ಆ ನೀರು ನೀವು ನೋಡುವ ಮನೆಯ ನಲ್ಲಿಗೆ ಬರುತ್ತದೆಯೇ ಎಂಬುದು ಬೇರೆ ಮಾತು.

ಆದ್ದರಿಂದ ಮನೆ ನೋಡಲು ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆಗಳು ನೀರಿನವು. ಮೆಟ್ರೋ ವಾಟರ್ (ಚೆನ್ನೈನ ನೀರು ಸರಬರಾಜು ಮಂಡಳಿ) ಸಂಪರ್ಕವಿದೆಯೇ, ಇದ್ದರೆ ದಿನಕ್ಕೊಮ್ಮೆಯೇ, ದಿನ ಬಿಟ್ಟು ದಿನವೇ? ಬೋರ್‌ವೆಲ್ ನೀರು ಉಪ್ಪೇ? ಮೇ ತಿಂಗಳಲ್ಲಿ ಲಾರಿ ನೀರು ತರಿಸುತ್ತಾರೆಯೇ, ಅದರ ಖರ್ಚು ನಿರ್ವಹಣಾ ಶುಲ್ಕದಲ್ಲಿ ಸೇರಿದೆಯೇ ಅಥವಾ ಪ್ರತ್ಯೇಕವಾಗಿ ಕಟ್ಟಬೇಕೇ? 2015ರಲ್ಲಿ ಮತ್ತು 2023ರಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿತ್ತು? ಈ ಕೊನೆಯ ಪ್ರಶ್ನೆಯನ್ನು ದಲ್ಲಾಳಿಗೆ ಕೇಳುವುದಕ್ಕಿಂತ ಬೀದಿಯ ಇಸ್ತ್ರಿ ಅಂಗಡಿಯವರಿಗೋ, ಪಕ್ಕದ ಕಟ್ಟಡದ ಕಾವಲುಗಾರರಿಗೋ ಕೇಳಿದರೆ ನೇರವಾದ ಉತ್ತರ ಸಿಗುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಉಳಿದಿರಬಹುದಾದ ಕಲೆಯ ಗೆರೆಯನ್ನೂ ಗಮನಿಸಿ. ಬಚ್ಚಲಿನ ನಲ್ಲಿಗಳ ಬಾಯಿಯಲ್ಲಿ ಬಿಳಿ ಹರಳು ಕಟ್ಟಿದ್ದರೆ ನೀರು ಗಡಸು. ಕುಡಿಯಲು ಮತ್ತು ಅಡುಗೆಗೆ ಅಲ್ಲಿನ ಅನೇಕ ಮನೆಗಳಂತೆ ನೀವೂ ಇಪ್ಪತ್ತು ಲೀಟರಿನ ಕ್ಯಾನ್ ತರಿಸಬೇಕಾಗಬಹುದು. ನೆಲಮಹಡಿ ಬೇಡ, ಕಾರು ನಿಲ್ಲಿಸಲು ಕೆಳಗೆ ಬರೀ ಕಂಬಗಳನ್ನು ಬಿಟ್ಟು ಕಟ್ಟಿದ ಮನೆಯ ಮೊದಲ ಅಥವಾ ಎರಡನೆಯ ಮಹಡಿ ಒಳ್ಳೆಯದು.

ನಮ್ಮ ಅಭಿಪ್ರಾಯ ಕೇಳುವುದಾದರೆ, ಬಾಡಿಗೆ ಸ್ವಲ್ಪ ಹೆಚ್ಚಾದರೂ ತಿರುವಾನ್ಮಿಯೂರಿನಲ್ಲಿ ಹುಡುಕಿ. ಅಲ್ಲಿನ ಮರಳು ನೆಲ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಕಡಲಗಾಳಿ ಮೊದಲು ತಲುಪುವುದೂ ಅಲ್ಲಿಗೇ. ಬೀಚ್ ನಿಲ್ದಾಣದಿಂದ ವೇಳಚ್ಚೇರಿಯವರೆಗೆ ಎತ್ತರದ ಹಳಿಗಳ ಮೇಲೆ ಓಡುವ, ಜನ ‘ಪರಕ್ಕುಂ ರೈಲು’ (ಹಾರುವ ರೈಲು) ಎನ್ನುವ ಎಂ.ಆರ್.ಟಿ.ಎಸ್. ರೈಲಿನಲ್ಲಿ ಮುಂದಿನ ನಿಲ್ದಾಣವೇ ತರಮಣಿ. ಸಿರುಸೇರಿಗೆ ನಿಮ್ಮ ಪತಿಯವರು ಕಂಪನಿ ಬಸ್ಸನ್ನು ನೆಚ್ಚಬೇಕಾಗುತ್ತದೆ. ಅಲ್ಲಿಯವರೆಗೆ ಮೆಟ್ರೋ ಎರಡನೆಯ ಹಂತದ ಕಾಮಗಾರಿ ನಡೆಯುತ್ತಿರುವಷ್ಟು ಕಾಲ ಆ ರಸ್ತೆಯಲ್ಲಿ ಸ್ವಂತ ಕಾರು ಓಡಿಸುವುದು ಸುಖದ ಕೆಲಸವಲ್ಲ. ಸಮುದ್ರಕ್ಕೆ ತೀರ ಅಂಟಿಕೊಂಡ ಬೀದಿಗಳಲ್ಲಿ ಉಪ್ಪುಗಾಳಿ ಎ.ಸಿ.ಯ ಹೊರಗಿನ ಯಂತ್ರವನ್ನೂ ಬಾಗಿಲ ತಿರುಗಣೆಗಳನ್ನೂ ಬೇಗ ತಿನ್ನುತ್ತದೆ. ಆದ್ದರಿಂದ ನಾಲ್ಕೈದು ಬೀದಿ ಒಳಗಿದ್ದರೆ ಲೇಸು.

ಮುಂಗಡದ ವಿಚಾರ: 2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾಯ್ದೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದಲ್ಲಿ, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ ಮತ್ತು ಕರಾರು ಲಿಖಿತವಾಗಿದ್ದು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕೆನ್ನುತ್ತದೆ. ಹೆಚ್ಚು ಕೇಳುವ ಮಾಲೀಕರು ಇದ್ದೇ ಇದ್ದಾರೆ; ಕಾಯ್ದೆ ತಿಳಿದಿದೆಯೆಂದು ವಿನಯದಿಂದ ಸೂಚಿಸಿದರೆ ಚೌಕಾಸಿಗೆ ಜಾಗ ಸಿಗುತ್ತದೆ. ವಿದ್ಯುತ್ ಮೀಟರ್ ನಿಮಗೆ ಪ್ರತ್ಯೇಕವಾಗಿದೆಯೇ ಎಂಬುದನ್ನೂ ನೋಡಿ. ಅಲ್ಲಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ, ಮೊದಲ 100 ಯೂನಿಟ್ ಉಚಿತ, 500 ಯೂನಿಟ್ ದಾಟಿದರೆ ದರ ಏರುತ್ತದೆ. ಮಾಲೀಕರು ಉಪಮೀಟರ್ ಹಾಕಿ ತಮ್ಮದೇ ದರ ವಿಧಿಸಿದರೆ ಈ ಲಾಭ ನಿಮಗೆ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮಗಳು ಶಿವಮೊಗ್ಗದಲ್ಲಿ ಮೂರನೆಯ ತರಗತಿ ಮುಗಿಸುತ್ತಿದ್ದಾಳೆ. ಚೆನ್ನೈನ ಸಿ.ಬಿ.ಎಸ್.ಇ. ಶಾಲೆಗೆ ಸೇರಿಸಿದರೆ ತಮಿಳು ಕಲಿಯಲೇಬೇಕೇ? ಅವಳ ಕನ್ನಡ ಉಳಿಯುವ ದಾರಿ ಇದೆಯೇ?

ಉತ್ತರ: ತಮಿಳುನಾಡಿನಲ್ಲಿ 2006ರ ಕಾಯ್ದೆಯ ಮೇರೆಗೆ ತಮಿಳು ಕಲಿಕೆಯನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯ ಮಾಡಲಾಗಿದ್ದು, 2015–16ರಿಂದ ಇದು ಸಿ.ಬಿ.ಎಸ್.ಇ. ಮೊದಲಾದ ಇತರ ಮಂಡಳಿಗಳ ಶಾಲೆಗಳಿಗೂ ವಿಸ್ತರಿಸಿತು. ನಡುವಿನ ತರಗತಿಗೆ ಹೊರರಾಜ್ಯದಿಂದ ಬರುವ ಮಗುವಿಗೆ ಯಾವ ಭಾಷೆ, ಯಾವ ಮಟ್ಟದಲ್ಲಿ ಎಂಬುದನ್ನು ಪ್ರವೇಶ ಶುಲ್ಕ ಕಟ್ಟುವ ಮೊದಲೇ ಶಾಲೆಯಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಆದರೆ ಎಂಟು ವರ್ಷದ ಮಗು ತಮಿಳು ಕಲಿಯುವುದನ್ನು ತೊಂದರೆಯೆಂದು ನಾವು ಭಾವಿಸುವುದಿಲ್ಲ. ಆರು ತಿಂಗಳಲ್ಲಿ ನಿಮ್ಮ ಪರವಾಗಿ ತರಕಾರಿಯವರೊಂದಿಗೆ ಅವಳೇ ಮಾತಾಡುತ್ತಿರುತ್ತಾಳೆ. ಕನ್ನಡಕ್ಕೆ ಸಂಬಂಧಿಸಿದಂತೆ, ಟಿ. ನಗರದ ಹಬೀಬುಲ್ಲಾ ರಸ್ತೆಯಲ್ಲಿರುವ ಕರ್ನಾಟಕ ಸಂಘದಲ್ಲಿ ವಿಚಾರಿಸುವುದು ಒಳ್ಳೆಯದು. ಕನ್ನಡ ಚಿತ್ರರಂಗವೇ ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ನೆಲೆಸಿದ್ದ ಕಾಲವಿತ್ತು, ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿ ಬೆಳೆಸಿದ ಊರೂ ಅದೇ. ಆದ್ದರಿಂದ ಕನ್ನಡ ಕೇಳಿದರೆ ಅಲ್ಲಿ ಯಾರೂ ಬೆರಗಾಗುವುದಿಲ್ಲ. ಉಳಿದದ್ದು ಮನೆಯ ಮಾತಿಗೆ ಬಿಟ್ಟದ್ದು.

ಪ್ರಶ್ನೆ: ನಾವು ಉಡುಪಿಯವರು, ಮಲ್ಪೆಯ ಕಡಲಲ್ಲಿ ಆಡಿ ಬೆಳೆದವರು. ಮರೀನಾದಲ್ಲಿ ಸ್ನಾನಕ್ಕೆ ಇಳಿಯಬಹುದೇ?

ಉತ್ತರ: ಇಳಿಯಬಾರದು. ಅಲ್ಲಿ ಸ್ನಾನಕ್ಕೆ ನಿಷೇಧವಿದೆ. ದಡದಿಂದ ಸ್ವಲ್ಪ ದೂರದಲ್ಲೇ ನೆಲ ಥಟ್ಟನೆ ಆಳಕ್ಕೆ ಇಳಿಯುತ್ತದೆ, ಒಳಸೆಳೆತವೂ ಬಲವಾಗಿದೆ. ಮೊಣಕಾಲು ನೀರಿನಲ್ಲಿ ನಿಂತವರೂ ಜೀವ ಕಳೆದುಕೊಂಡಿದ್ದಾರೆ. ನಿಮ್ಮ ಕಡಲಿನ ಅನುಭವ ಇಲ್ಲಿ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸೀತು: ಮಲ್ಪೆಯಲ್ಲಿ ಕಡಲು ರೊಚ್ಚಿಗೇಳುವುದು ಜೂನ್‌ನಿಂದ, ಅಕ್ಟೋಬರ್ ಬಂತೆಂದರೆ ಶಾಂತ, ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರೇ ಅಪಾಯದ ಕಾಲ. ಸೂರ್ಯಾಸ್ತ ನೋಡಲೆಂದೂ ಹೋಗಬೇಡಿ, ಅಲ್ಲಿ ಸೂರ್ಯ ಮುಳುಗುವುದು ಊರಿನ ಕಟ್ಟಡಗಳ ಹಿಂದೆ. ಬೆಳಗಿನ ಜಾವ ಮರೀನಾದಲ್ಲೋ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲೋ ನಡೆದಾಡಿದರೆ ಸೂರ್ಯೋದಯ ಕಾಣಬಹುದು, ಮೀನುಗಾರರ ದೋಣಿಗಳು ದಡ ಸೇರುವುದನ್ನೂ ನೋಡಬಹುದು.

ಪ್ರಶ್ನೆ: ಕರ್ನಾಟಕದ ನೋಂದಣಿಯ ಕಾರನ್ನು ಅಲ್ಲಿ ಎಷ್ಟು ದಿನ ಓಡಿಸಬಹುದು?

ಉತ್ತರ: ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲೇ ಇಟ್ಟುಕೊಳ್ಳುವುದಾದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮರುನೋಂದಣಿ ಮಾಡಿಸಬೇಕು. ಇಲ್ಲಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ ಪಡೆದು, ಅಲ್ಲಿ ತೆರಿಗೆ ಕಟ್ಟಿ, ಆಮೇಲೆ ಇಲ್ಲಿ ಉಳಿದ ತೆರಿಗೆಯ ಮರುಪಾವತಿಗೆ ಅರ್ಜಿ ಹಾಕಬೇಕು. ತಾಳ್ಮೆ ಬೇಡುವ ಕೆಲಸವಾದ್ದರಿಂದ ವರ್ಷದ ಕೊನೆಯವರೆಗೆ ತಳ್ಳಬೇಡಿ.

ಪ್ರಶ್ನೆ: ಧಾರವಾಡದಿಂದ ನಾವು ವಯಸ್ಸಾದ ದಂಪತಿಗಳು ನಾಲ್ಕು ದಿನಕ್ಕೆ ಚೆನ್ನೈ ನೋಡಲು ಹೋಗಬೇಕೆಂದಿದ್ದೇವೆ. ಸಂಗೀತ ಕೇಳುವ ಆಸೆಯಿದೆ. ಯಾವಾಗ ಹೋಗುವುದು ಸೂಕ್ತ?

ಉತ್ತರ: ಸಂಗೀತಕ್ಕೆಂದು ಹೋಗುವವರು ಡಿಸೆಂಬರ್ ಕೊನೆಯ ವಾರವನ್ನು ಆರಿಸಿಕೊಳ್ಳಿ. ಮಾರ್ಗಳಿ ಎಂಬ ತಮಿಳು ತಿಂಗಳ ಸಂಗೀತ ಋತುವಿನ ಕಛೇರಿಗಳು ಆಗ ಹತ್ತಾರು ಸಭಾಗಳಲ್ಲಿ ನಡೆಯುತ್ತಿರುತ್ತವೆ, ಹಿಂಗಾರಿನ ಚಂಡಮಾರುತಗಳ ಭಯವೂ ಬಹುಮಟ್ಟಿಗೆ ಕಡಿಮೆಯಾಗಿರುತ್ತದೆ. ಸಂಜೆಯ ಹೆಸರಾಂತ ಕಲಾವಿದರ ಕಛೇರಿಗಳಿಗೆ ಟಿಕೆಟ್ ಬೇಕು; ಬೆಳಿಗ್ಗೆ ಮತ್ತು ಮಧ್ಯಾಹ್ನ ಹೊಸಬರು ಹಾಡುವ ಎಷ್ಟೋ ಕಛೇರಿಗಳು ಉಚಿತ, ಮತ್ತು ಒಳ್ಳೆಯ ಕಿವಿಯಿದ್ದವರಿಗೆ ಅಲ್ಲೇ ಹೆಚ್ಚು ಲಾಭವೆಂದು ನಮ್ಮ ಎಣಿಕೆ. ಸಭಾದ ಕ್ಯಾಂಟೀನಿನ ಊಟವನ್ನು ತಪ್ಪಿಸಬೇಡಿ. ವಾಸಕ್ಕೆ ಮೈಲಾಪುರ ಅಥವಾ ರಾಯಪೇಟೆಯ ಸುತ್ತಮುತ್ತ ಇದ್ದರೆ ಓಡಾಟ ಕಡಿಮೆ.

ಸಂಗೀತಕ್ಕಿಂತ ನೋಡುವುದೇ ಮುಖ್ಯವಾದರೆ ಜನವರಿ ಕೊನೆಯಿಂದ ಫೆಬ್ರುವರಿಯವರೆಗೆ ಹವೆ ಇನ್ನೂ ಹಿತವಾಗಿರುತ್ತದೆ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಕಂಚಿನ ವಿಗ್ರಹಗಳಿಗೆ ಅರ್ಧ ದಿನ ಮೀಸಲಿಡಿ. ಅದಕ್ಕೆ ಶುಕ್ರವಾರ ರಜೆ. ಕಪಾಲೀಶ್ವರ ದೇವಸ್ಥಾನ ಮಧ್ಯಾಹ್ನ ಮುಚ್ಚಿ ನಾಲ್ಕರ ಹೊತ್ತಿಗೆ ತೆರೆಯುತ್ತದೆ. ಮಹಾಬಲಿಪುರಕ್ಕೆ ಬೆಳಿಗ್ಗೆ ಬೇಗ ಹೊರಟು, ಮರಳುವಾಗ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ ಹೋಗಿ; ಅಲ್ಲಿ ಬೇರೆ ಬೇರೆ ರಾಜ್ಯಗಳ ಹಳೆಯ ಮನೆಗಳನ್ನು ಮರುಜೋಡಿಸಿ ನಿಲ್ಲಿಸಿದ್ದಾರೆ. ಇಳಕಲ್ಲಿನ ನೇಕಾರರ ಮನೆಯೂ ಅವುಗಳಲ್ಲೊಂದು. ಮಂಗಳವಾರ ಅದಕ್ಕೆ ರಜೆ. ಬೆಂಗಳೂರಿನಿಂದ ಹಗಲಿನ ರೈಲು ಹಿಡಿದರೆ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದ ಕೂಡಲೇ ಮೆಟ್ರೋ ಸಿಗುತ್ತದೆ. ಪೊಂಗಲ್ ಹಿಂದುಮುಂದಿನ ವಾರದಲ್ಲಿ ಮಾತ್ರ ಪ್ರಯಾಣ ಬೇಡ. ಊರಿಗೆ ಊರೇ ಹೊರಡುವ ಆ ದಿನಗಳಲ್ಲಿ ಚೆನ್ನೈಗೆ ಹೋಗುವ ಟಿಕೆಟ್ ಸಿಕ್ಕರೂ ಅಲ್ಲಿಂದ ಮರಳುವ ಟಿಕೆಟ್ ಸಿಗುವುದಿಲ್ಲ.