ಕೈತುಂಬ ಸಂಬಳ, ಮಲಗಲು ಜಾಗವಿಲ್ಲ

ಮಾನ್ಯರೇ,

ಹಿಂದಿನ ಸಂಚಿಕೆಯಲ್ಲಿ ಬಂದ ಯುದ್ಧಕಾಲದ ಡೆಟ್ರಾಯಿಟ್ ಕುರಿತ ಲೇಖನ ಓದಿ ನೀವು ಬರೆದ ಪತ್ರ ಕೈಸೇರಿದೆ. ನಿಮ್ಮ ಆಕ್ಷೇಪದಲ್ಲಿ ಸುತ್ತುಬಳಸು ಇಲ್ಲ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಸುರಿಯಿತು, ಲೆನಿನ್‌ಗ್ರಾಡ್‌ನಲ್ಲಿ ಜನ ಹಸಿದು ಸತ್ತರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕಿಟಕಿಯ ಒಂದು ಗಾಜೂ ಒಡೆಯಲಿಲ್ಲ. ಕಾರ್ಖಾನೆಗೆ ಆರ್ಡರು, ಕಾರ್ಮಿಕನಿಗೆ ಓವರ್‌ಟೈಮು, ಮೂವತ್ತರ ದಶಕವಿಡೀ ಕೆಲಸಕ್ಕೆ ಅಲೆದವರ ಕೈಗೆ ವಾರವಾರ ಸಂಬಳ. "ಸಕ್ಕರೆಗೆ ಚೀಟಿ ಹಿಡಿದು ನಿಂತದ್ದೇ ಕಷ್ಟ ಅನ್ನುವುದಾದರೆ ನಿಜವಾದ ಕಷ್ಟಕ್ಕೆ ಏನನ್ನುತ್ತೀರಿ? ಯುದ್ಧ ಅವರ ಪಾಲಿಗೆ ವರವೇ ಅಲ್ಲವೇ?" ಎಂದು ಕೇಳಿದ್ದೀರಿ.

ಸಕ್ಕರೆಯ ಮಾತನ್ನು ಮೊದಲು ಮುಗಿಸಿಬಿಡೋಣ, ಅಲ್ಲಿ ನಿಮ್ಮ ಮಾತು ಸರಿ. 1942ರ ಮೇ ತಿಂಗಳಲ್ಲಿ ಸಕ್ಕರೆಗೆ ಪಡಿತರ ಬಂತು, ವರ್ಷದ ಕೊನೆಗೆ ಕಾಫಿಗೆ, ಮರುವರ್ಷ ಬೂಟಿಗೆ, ಮಾಂಸಕ್ಕೆ, ಬೆಣ್ಣೆಗೆ. ಕರಿದು ಉಳಿದ ಕೊಬ್ಬನ್ನು ಸೋಸಿ ಡಬ್ಬದಲ್ಲಿಟ್ಟು ಮಾಂಸದಂಗಡಿಗೆ ಒಪ್ಪಿಸಿ ಎಂದು ಸರ್ಕಾರ ಕೇಳಿಕೊಂಡಿತ್ತು; ಅದರಿಂದ ತೆಗೆದ ಗ್ಲಿಸರಿನ್ ಸ್ಫೋಟಕಗಳಿಗೆ ಹೋಗುತ್ತಿತ್ತು. ಇದೆಲ್ಲ ಕಿರಿಕಿರಿಯೇ ಹೊರತು ಸಂಕಟವಲ್ಲ. ಇಡೀ ಅಮೆರಿಕಕ್ಕೂ ಇದೇ ನಿಯಮವಿತ್ತು, ಡೆಟ್ರಾಯಿಟ್ಟಿಗೆ ಮಾತ್ರ ಎಂದೇನೂ ಅಲ್ಲ.

ಡೆಟ್ರಾಯಿಟ್‌ನಲ್ಲಿ ಕೊರತೆ ಬಿದ್ದದ್ದು ಜಾಗಕ್ಕೆ. ಮಲಗುವ ಮಂಚ, ಬಸ್ಸಿನ ಸೀಟು, ಬಾಡಿಗೆ ಮನೆ, ಮಗುವನ್ನು ಬಿಟ್ಟುಹೋಗಲು ಒಂದು ಕೋಣೆ. ದುಡ್ಡಿತ್ತು, ದುಡ್ಡಿಗೆ ಅದು ಸಿಗುತ್ತಿರಲಿಲ್ಲ. ಆ ಜಾಗ ಯಾರಿಗೆ, ಯಾರಿಗಿಲ್ಲ ಎಂಬ ಜಗಳದಲ್ಲಿ ಆ ಊರಿನಲ್ಲಿ ಹೆಣಗಳೂ ಬಿದ್ದವು. ಲೇಖನದಲ್ಲಿ ಎರಡೇ ಪ್ಯಾರಾಕ್ಕೆ ಬಂದುಹೋದ ಈ ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1940ರ ಡಿಸೆಂಬರ್ 29ರಂದು ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡುತ್ತ ಅಮೆರಿಕ 'ಪ್ರಜಾಪ್ರಭುತ್ವದ ಶಸ್ತ್ರಾಗಾರ' ಆಗಬೇಕೆಂದರು. ದೇಶಕ್ಕೆಂದು ಕೊಟ್ಟ ಬಿರುದು ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್ಟಿಗೆ ಅಂಟಿಕೊಂಡಿತು. ಪರ್ಲ್ ಹಾರ್ಬರ್ ದಾಳಿಯಾಗಿ ಎರಡು ತಿಂಗಳಿಗೆ, 1942ರ ಫೆಬ್ರುವರಿಯಲ್ಲಿ, ಸಾರ್ವಜನಿಕರಿಗಾಗಿ ಕಾರು ಮಾಡುವುದೇ ನಿಂತುಹೋಯಿತು. ಕ್ರೈಸ್ಲರ್ ಟ್ಯಾಂಕ್ ಮಾಡಿತು. ಪ್ಯಾಕರ್ಡ್ ಕಂಪನಿ ರೋಲ್ಸ್ ರಾಯ್ಸ್ ವಿನ್ಯಾಸದ ಮರ್ಲಿನ್ ಎಂಬ ವಿಮಾನದ ಎಂಜಿನ್ ಮಾಡಿತು. ಫೋರ್ಡ್, ಊರಿನಿಂದ ಪಶ್ಚಿಮಕ್ಕೆ ಮೂವತ್ತು ಮೈಲಿ ಆಸುಪಾಸು ದೂರದ ಹೊಲಗಳ ನಡುವೆ ವಿಲೋ ರನ್ ಎಂಬಲ್ಲಿ ಬಾಂಬರ್ ಕಾರ್ಖಾನೆ ಎಬ್ಬಿಸಿತು. ಕಟ್ಟಡದ ವಿನ್ಯಾಸ ಆಲ್ಬರ್ಟ್ ಕಾನ್ ಅವರದು. ಗಂಟೆಗೊಂದು ಬಿ-24 ವಿಮಾನ ಇಳಿಸುತ್ತೇವೆ ಎಂದು ಫೋರ್ಡ್‌ನ ಚಾರ್ಲ್ಸ್ ಸೊರೆನ್ಸನ್ ಮಾತು ಕೊಟ್ಟಿದ್ದರು.

ಮಾತು ನಿಜವಾಗಲು 1944 ಬರಬೇಕಾಯಿತು. ಅಲ್ಲಿಯವರೆಗೆ ವಿಲೋ ರನ್ ಓಡುತ್ತದೋ ಇಲ್ಲವೋ ಎಂದು ಜನ ಆಡಿಕೊಂಡರು, ಯುದ್ಧದ ಖರ್ಚುವೆಚ್ಚ ತನಿಖೆ ಮಾಡುತ್ತಿದ್ದ ಸೆನೆಟ್ಟಿನ ಟ್ರೂಮನ್ ಸಮಿತಿ ತರಾಟೆಗೆ ತೆಗೆದುಕೊಂಡಿತು. ಯಾಕೆ ತಡವಾಯಿತು? ಕಾರು ಬೇರೆ, ವಿಮಾನ ಬೇರೆ ಎಂಬುದು ಒಂದು ಕಾರಣ. ಒಂದು ಬಿ-24ಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ರಿವೆಟ್, ಅಂದರೆ ತಗಡು ಜೋಡಿಸುವ ಲೋಹದ ಮೊಳೆ, ಬೇಕು. ಒಂದೊಂದು ರಿವೆಟ್ಟಿಗೂ ಇಬ್ಬರು ಜನ: ಹೊರಗಡೆಯವಳು ಗಾಳಿಯ ಗನ್ ಒತ್ತಿ ಬಡಿಯಬೇಕು, ಒಳಗಡೆಯವಳು ಉಕ್ಕಿನ ಗಟ್ಟಿಯೊಂದನ್ನು ತಗಡಿನ ಹಿಂಬದಿಗೆ ಒತ್ತಿ ಹಿಡಿದು ರಿವೆಟ್ಟಿನ ಬಾಲ ಚಪ್ಪಟೆಯಾಗುವಂತೆ ನೋಡಿಕೊಳ್ಳಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ರೆಕ್ಕೆಯ ಒಳಗಿನ ಇಕ್ಕಟ್ಟಿನಲ್ಲಿ ತೂರಿ ಕೆಲಸ ಮಾಡಲೆಂದೇ ಕುಳ್ಳಗಿನ ಮೈಕಟ್ಟಿನವರನ್ನು ಹುಡುಕಿ ತಂದದ್ದೂ ಉಂಟು. ಹೀಗೆ ಕೈ ಪಳಗಬೇಕಾದರೆ ಜನ ಒಂದು ಕಡೆ ನಿಲ್ಲಬೇಕು. ಜನ ನಿಲ್ಲುತ್ತಿರಲಿಲ್ಲ. ಬರುತ್ತಿದ್ದರು, ತರಬೇತಿ ಪಡೆಯುತ್ತಿದ್ದರು, ಬಿಟ್ಟುಹೋಗುತ್ತಿದ್ದರು. ಇರಲು ಮನೆ ಇರಲಿಲ್ಲ.

1943ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದವರು ನಲವತ್ತು ಸಾವಿರ ದಾಟಿದ್ದರು. ಕೆಂಟಕಿ, ಟೆನೆಸಿ ಕಡೆಯಿಂದ ಕುಟುಂಬ ಸಮೇತ ಬಂದವರು ಟ್ರೇಲರಿನಲ್ಲಿ, ಡೇರೆಯಲ್ಲಿ, ಯಾರದೋ ಗ್ಯಾರೇಜಿನಲ್ಲಿ ಬಿಡಾರ ಹೂಡಿದರು. ಕುಡಿಯುವ ನೀರಿನ ಬಾವಿಯ ಪಕ್ಕದಲ್ಲೇ ಕಕ್ಕಸಿನ ಗುಂಡಿ. ರೋಗ ಹರಡುತ್ತದೆಂದು ಆರೋಗ್ಯಾಧಿಕಾರಿಗಳು ಬಡಕೊಂಡರು. ಊರೊಳಗಂತೂ ಕೋಣೆಯನ್ನು ಪಾಳಿಗೆ ತಕ್ಕಂತೆ ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿ ಪಾಳಿಯವನು ಬಂದು ಮಲಗುವಾಗ ಹಗಲು ಪಾಳಿಯವನ ಮೈಬಿಸಿ ಹಾಸಿಗೆಯಲ್ಲಿ ಇನ್ನೂ ಆರಿರುತ್ತಿರಲಿಲ್ಲ. ಮಧ್ಯರಾತ್ರಿ ಪಾಳಿ ಬಿಟ್ಟವರಿಗಾಗಿ ಸಿನಿಮಾ ಮಂದಿರಗಳು ಬೆಳಗಿನವರೆಗೂ ತೆರೆದಿರುತ್ತಿದ್ದವು. ಮೋಜಿನ ಸಂಗತಿಯೆಂದು ಇದನ್ನು ಬರೆಯುವವರುಂಟು; ಅಲ್ಲಿ ಕೂತಿದ್ದವರಲ್ಲಿ ಎಷ್ಟು ಜನ ಚಿತ್ರ ನೋಡಲು ಹೋಗಿದ್ದರೋ, ಎಷ್ಟು ಜನ ಬೆನ್ನು ಒರಗಿಸಲು ಹೋಗಿದ್ದರೋ ಎಂದು ನನಗೆ ಅನುಮಾನ.

ಕಾರ್ಖಾನೆಯ ಹತ್ತಿರವೇ ಕಾರ್ಮಿಕರಿಗೆ ಒಂದು ಕಾಯಂ ಊರು ಕಟ್ಟೋಣ ಎಂದು ಮೋಟಾರು ಕಾರ್ಮಿಕರ ಸಂಘ ಕೇಳಿತು, ಕೇಂದ್ರ ಸರ್ಕಾರ ನಕ್ಷೆಯನ್ನೂ ಬರೆಸಿತು. ಅದಕ್ಕೆ ಅಡ್ಡ ನಿಂತವರು ಯಾರು ಎಂದು ನೋಡಿದರೆ ಫೋರ್ಡ್ ಕಂಪನಿ ಮತ್ತು ಆ ಜಿಲ್ಲೆಯ ರಿಪಬ್ಲಿಕನ್ ಮುಖಂಡರು. ಸಂಘದ ಜನ ಇಲ್ಲಿ ನೆಲೆಯೂರಿ ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕಿಬಿಟ್ಟರೆ ಎಂಬ ಭಯ! ಯೋಜನೆ ಬಿದ್ದುಹೋಯಿತು. ಅದರ ಬದಲು 1943ರಲ್ಲಿ ಹಾಸ್ಟೆಲುಗಳು, ತಾತ್ಕಾಲಿಕ ಮನೆಗಳು ಎದ್ದವು. ವಿಮಾನ ಬೇಗ ಬೇಕು ಎನ್ನುವವರೇ ವಿಮಾನ ಮಾಡುವವನಿಗೆ ಮನೆ ಬೇಡ ಎಂದ ಕಥೆ ಇದು.

ಮನೆ ದೂರವಾದರೆ ಕಾರಿನಲ್ಲಿ ಓಡಾಡಬಹುದಿತ್ತಲ್ಲ, ಕಾರಿನ ಊರೇ ಅದು ಎನ್ನಬಹುದು. ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸ್ ಜಪಾನಿನ ಪಾಲಾದ ಮೇಲೆ ಅಮೆರಿಕಕ್ಕೆ ರಬ್ಬರೇ ಬರದಾಯಿತು. 1942ರ ಜನವರಿಯಿಂದಲೇ ಟೈರಿಗೆ ಪಡಿತರ. ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಪೆಟ್ರೋಲ್ ಪಡಿತರ ಬಂದದ್ದಕ್ಕೂ ಮುಖ್ಯ ಕಾರಣ ಟೈರು ಸವೆಯದಿರಲಿ ಎಂಬುದೇ. ಸಾಮಾನ್ಯರ ಕಾರಿಗೆ 'ಎ' ಚೀಟಿ, ಮೊದಲಿಗೆ ವಾರಕ್ಕೆ ನಾಲ್ಕು ಗ್ಯಾಲನ್. ಗಾಜಿಗೆ ಅಂಟಿಸಿದ ಆ ಚೀಟಿಯ ಒಳಮುಖದಲ್ಲಿ, ಸ್ಟಿಯರಿಂಗ್ ಹಿಡಿದವನ ಕಣ್ಣಿಗೇ ಬೀಳುವಂತೆ, ಈ ಪ್ರಯಾಣ ನಿಜಕ್ಕೂ ಬೇಕೇ ಎಂದು ಅಚ್ಚಾಗಿತ್ತು. ವೇಗದ ಮಿತಿ ಗಂಟೆಗೆ 35 ಮೈಲಿ. ಯುದ್ಧ ಕಾರ್ಖಾನೆಯವರಿಗೆ ಹೆಚ್ಚಿನ ಪಾಲಿತ್ತು, ನಿಜ. ಆದರೂ ಒಂದು ಕಾರಿನಲ್ಲಿ ಐದಾರು ಜನ ಒತ್ತಿಕೊಂಡು, ಹಳೇ ಟೈರು ಎಲ್ಲಿ ಸಿಡಿಯುತ್ತದೋ ಎಂದು ಎಣಿಸುತ್ತ ಹೋಗಿಬರುವುದು ಎಂದರೆ ದಿನದ ಎರಡು ಗಂಟೆ ರಸ್ತೆಗೇ ಬಲಿ.

ಹೆಂಗಸರ ಮಾತು ಲೇಖನದಲ್ಲಿ ಬೇಕಾದಷ್ಟು ಬಂದಿದೆ, ಚಿತ್ರಗಳೂ ಇದ್ದವು. ವಿಲೋ ರನ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅವರೇ. ಆ ಚಿತ್ರಗಳಲ್ಲಿ ಕಾಣದ ಒಂದನ್ನು ಸೇರಿಸುತ್ತೇನೆ: ಶಿಶುವಿಹಾರಗಳು ಸಾಲದೆ, ಕೊರಳಿಗೆ ಮನೆಯ ಬೀಗದ ಕೈ ಕಟ್ಟಿಕೊಂಡು ಶಾಲೆಯಿಂದ ಖಾಲಿ ಮನೆಗೆ ಬರುವ ಮಕ್ಕಳು ಆ ಕಾಲದ ದೊಡ್ಡ ಚರ್ಚೆಯಾಗಿದ್ದರು.

ಇನ್ನು ನಿಮ್ಮ ಗಾಜಿನ ಮಾತಿಗೆ ಬರುತ್ತೇನೆ. ಡೆಟ್ರಾಯಿಟ್‌ನಲ್ಲಿ ಗಾಜು ಒಡೆಯಿತು, ಬೀದಿಗೆ ಬೀದಿಯೇ ಒಡೆಯಿತು. ಒಡೆದವರು ಹಿಟ್ಲರನ ಕಡೆಯವರಲ್ಲ.

1940ರ ಜನಗಣತಿಯಂತೆ ಊರಿನ 16 ಲಕ್ಷ ಜನರಲ್ಲಿ ಕಪ್ಪುವರ್ಣೀಯರು ಒಂದೂವರೆ ಲಕ್ಷದಷ್ಟು. ಹತ್ತು ವರ್ಷದಲ್ಲಿ ಆ ಸಂಖ್ಯೆ ಇಮ್ಮಡಿಯಾಯಿತು. ಇಮ್ಮಡಿಯಾದ ಜನಕ್ಕೆ ಇದ್ದದ್ದು ಬಹುಪಾಲು ಅದೇ ಹಳೆಯ ಕೇರಿಗಳು, ಪೂರ್ವಭಾಗದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ. ಬೇರೆ ಬಡಾವಣೆಗಳ ಕ್ರಯಪತ್ರಗಳಲ್ಲೇ ಬಿಳಿಯರಲ್ಲದವರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ಷರತ್ತು. ರಕ್ಷಣಾ ಉದ್ದಿಮೆಯಲ್ಲಿ ಬಣ್ಣ ನೋಡಿ ಕೆಲಸ ಕೊಡುವುದನ್ನು ರೂಸ್‌ವೆಲ್ಟ್ 1941ರ ಜೂನ್‌ನಲ್ಲಿ ಆದೇಶ ಹೊರಡಿಸಿ ನಿಷೇಧಿಸಿದ್ದರು, ಅದೂ ಕಪ್ಪು ಕಾರ್ಮಿಕರ ನಾಯಕ ಎ. ಫಿಲಿಪ್ ರಾಂಡಾಲ್ಫ್ ವಾಷಿಂಗ್ಟನ್ನಿಗೆ ಜಾಥಾ ತರುತ್ತೇನೆಂದು ಪಟ್ಟು ಹಿಡಿದ ಮೇಲೆ. ಕಾರ್ಖಾನೆಯ ಗೇಟು ಅಷ್ಟಿಷ್ಟು ತೆರೆಯಿತು. ಮನೆಯ ಬಾಗಿಲು ತೆರೆಯಲಿಲ್ಲ.

ಕಪ್ಪು ಕಾರ್ಮಿಕರಿಗೆಂದು ಸರ್ಕಾರ 200 ಮನೆಗಳ ಒಂದು ಬಡಾವಣೆ ಕಟ್ಟಿತು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದು ಹೋರಾಟ ನಡೆಸಿದ ಸೋಜರ್ನರ್ ಟ್ರೂತ್ ಅವರ ಹೆಸರಿಟ್ಟಿತು. 1942ರ ಫೆಬ್ರುವರಿ 28ರಂದು, ಮುಂಗಡ ಬಾಡಿಗೆ ಕಟ್ಟಿದ ಕುಟುಂಬಗಳು ಸಾಮಾನು ಹೇರಿಕೊಂಡು ಬಂದರೆ, ಎದುರಿಗೆ ಬಿಳಿಯರ ಗುಂಪು. ನಮ್ಮ ಬಿಳಿಯರ ಬಡಾವಣೆಗೆ ಬಿಳಿಯ ಬಾಡಿಗೆದಾರರೇ ಬೇಕು ಎಂಬ ಫಲಕ, ಅದರ ಮೇಲೆ ಎರಡು ಅಮೆರಿಕದ ಬಾವುಟ. ಆ ಫೋಟೋ ಇಂದಿಗೂ ಸಿಗುತ್ತದೆ. ಕುಟುಂಬಗಳು ಒಳಗೆ ಕಾಲಿಡಲು ಏಪ್ರಿಲ್ ಕೊನೆಯವರೆಗೆ ಕಾಯಬೇಕಾಯಿತು, ಆಗಲೂ ಪೊಲೀಸರ ಮತ್ತು ಸೈನಿಕರ ಕಾವಲಿನಲ್ಲಿ. ಮರುವರ್ಷ ಜೂನ್ ಮೊದಲಲ್ಲಿ ಪ್ಯಾಕರ್ಡ್‌ನಲ್ಲಿ ಮೂವರು ಕಪ್ಪು ಕಾರ್ಮಿಕರಿಗೆ ಬಡ್ತಿ ಕೊಟ್ಟು ಬಿಳಿಯರ ಪಕ್ಕ ನಿಲ್ಲಿಸಿದ್ದಕ್ಕೆ 25 ಸಾವಿರ ಜನ ಕೆಲಸ ಬಿಟ್ಟು ಹೊರಟರು. ಯುದ್ಧ ಮುಗಿಯುವವರೆಗೆ ಮುಷ್ಕರ ಮಾಡುವುದಿಲ್ಲವೆಂದು ಸಂಘ ಮಾತು ಕೊಟ್ಟಿದ್ದ ಕಾಲ ಅದು.

ಅದಾಗಿ ಮೂರು ವಾರ ತುಂಬುವುದರೊಳಗೆ, ಜೂನ್ 20ರ ಭಾನುವಾರ, ವಿಪರೀತ ಸೆಖೆ. ಗಾಳಿ ಸೇವಿಸಲು ಜನ ನದಿಯ ನಡುವಿನ ಬೆಲ್ ಐಲ್ ದ್ವೀಪದ ಉದ್ಯಾನಕ್ಕೆ ಹೋಗಿದ್ದರು. ಸಂಜೆ ವಾಪಸು ಬರುವಾಗ ಸೇತುವೆಯ ಮೇಲೆ ಕೈಕೈ ಮಿಲಾಯಿಸಿತು. ಮುಂದಿನದನ್ನು ಗಾಳಿಸುದ್ದಿ ನೋಡಿಕೊಂಡಿತು. ಕಪ್ಪು ಜನರ ಕೇರಿಯಲ್ಲಿ, ಬಿಳಿಯರು ತಾಯಿ ಮಗುವನ್ನು ಸೇತುವೆಯಿಂದ ನೀರಿಗೆ ಎಸೆದರಂತೆ ಎಂದು. ಬಿಳಿಯರ ಕಡೆ, ಕಪ್ಪು ಗಂಡಸು ಬಿಳಿ ಹೆಂಗಸನ್ನು ಕೆಡಿಸಿದನಂತೆ ಎಂದು. ಎರಡೂ ಸುಳ್ಳು. ಕಪ್ಪು ಜನರ ಕೇರಿಯ ಹೇಸ್ಟಿಂಗ್ಸ್ ಬೀದಿಯಲ್ಲಿ ಬಿಳಿಯರ ಅಂಗಡಿಗಳ ಗಾಜು ಪುಡಿಯಾಯಿತು. ವುಡ್‌ವರ್ಡ್ ರಸ್ತೆಯಲ್ಲಿ ಬಿಳಿಯರ ಗುಂಪು ಟ್ರಾಮು ನಿಲ್ಲಿಸಿ, ಕೆಲಸಕ್ಕೆ ಹೊರಟಿದ್ದ ಕಪ್ಪು ಜನರನ್ನು ಎಳೆದು ಬಡಿಯಿತು. ಸೋಮವಾರ ರಾತ್ರಿ ಕೇಂದ್ರದ ಸೇನೆ ಇಳಿದ ಮೇಲೆಯೇ ಹತೋಟಿಗೆ ಬಂದದ್ದು. ಸತ್ತವರು 34, ಅವರಲ್ಲಿ 25 ಜನ ಕಪ್ಪುವರ್ಣೀಯರು. ಆ 25ರಲ್ಲಿ 17 ಜನ ಸತ್ತದ್ದು ಪೊಲೀಸರ ಕೈಯಲ್ಲಿ. ಪೊಲೀಸರ ಕೈಯಲ್ಲಿ ಸತ್ತ ಬಿಳಿಯರು ಒಬ್ಬರೂ ಇಲ್ಲ. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಆಗ ವಕೀಲರು. ಆ ವರ್ಷವೇ ಲೇಖನ ಬರೆದು ಡೆಟ್ರಾಯಿಟ್ ಪೊಲೀಸರನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋಗೆ ಹೋಲಿಸಿದರು.

ಈ ದ್ವೇಷವನ್ನು ಯುದ್ಧ ಹುಟ್ಟಿಸಿತೇ ಎಂದು ನೀವು ಕೇಳಬಹುದು. ಇಲ್ಲ, ಅದು ಮೊದಲೇ ಇತ್ತು. ಯುದ್ಧ ಮಾಡಿದ್ದು ಇಷ್ಟು: ಲಕ್ಷಗಟ್ಟಲೆ ಜನರನ್ನು ಕರೆದು ಕೆಲಸ ಕೊಟ್ಟಿತು, ಸಿಮೆಂಟು, ಮರ, ಉಕ್ಕನ್ನೆಲ್ಲ ತಾನೇ ನುಂಗಿ ಮನೆ ಕಟ್ಟುವುದಕ್ಕೆ ಏನೂ ಉಳಿಸಲಿಲ್ಲ, ಇದ್ದ ಮನೆಗಳನ್ನು ಬಣ್ಣ ನೋಡಿ ಹಂಚುವ ಹಳೇ ಪದ್ಧತಿಯನ್ನು ಹಾಗೇ ಬಿಟ್ಟಿತು.

ವರದ ಮಾತಿಗೆ ನನ್ನ ಉತ್ತರ: ಸಂಬಳ ಬಂದದ್ದು ಸುಳ್ಳಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು ಬಂದವನು ಮತ್ತೆ ಅಲ್ಲಿಗೆ ಹೋಗಲು ಬಯಸಲಿಲ್ಲ ಎಂಬುದೂ ಸುಳ್ಳಲ್ಲ. ಆದರೆ ವರದ ಅವಧಿ ಸಣ್ಣದು. ವಿಲೋ ರನ್‌ನ ಕೊನೆಯ ಬಿ-24 ಹೊರಬಿದ್ದದ್ದು 1945ರ ಜೂನ್‌ನಲ್ಲಿ. ಬಿಡಿಭಾಗದ ಕಿಟ್ಟುಗಳೂ ಸೇರಿ ಒಟ್ಟು ಲೆಕ್ಕ 8,685. ಜಪಾನ್ ಇನ್ನೂ ಶರಣಾಗಿರಲಿಲ್ಲ, ಆಗಲೇ ಹೆಂಗಸರ ಕೈಗೆ ಕೆಲಸದಿಂದ ಬಿಡುಗಡೆಯ ಚೀಟಿ ಬರತೊಡಗಿತ್ತು. ಯುದ್ಧದುದ್ದಕ್ಕೂ ಕೂಲಿದರಕ್ಕೆ ಕಡಿವಾಣ ಹಾಕಿ ಓವರ್‌ಟೈಮಿನಿಂದ ತುಂಬಿಸಿದ್ದ ಸಂಬಳದ ಲಕೋಟೆ, ಓವರ್‌ಟೈಮು ನಿಂತ ಕೂಡಲೇ ಸೊರಗಿತು. ನವೆಂಬರಿನಲ್ಲಿ ಮೋಟಾರು ಕಾರ್ಮಿಕರ ಸಂಘದ ವಾಲ್ಟರ್ ರಾಯ್ಟರ್ ಮುಂದಾಳ್ತನದಲ್ಲಿ ಜನರಲ್ ಮೋಟಾರ್ಸ್ ಕಾರ್ಮಿಕರು ಮುಷ್ಕರ ಹೂಡಿದರು: ಕೂಲಿ ನೂರಕ್ಕೆ ಮೂವತ್ತು ಹೆಚ್ಚಿಸಿ, ಕಾರಿನ ಬೆಲೆ ಹೆಚ್ಚಿಸಬೇಡಿ. ಅದು 113 ದಿನ ನಡೆಯಿತು. ಕೂಲಿ ಏರಿತು, ಕೇಳಿದಷ್ಟಲ್ಲ.

ಲೆನಿನ್‌ಗ್ರಾಡ್ ಬಗ್ಗೆ ಒಂದು ದೀರ್ಘ ಲೇಖನ ಬರೆಸಿ ಎಂದು ಪತ್ರದ ಕೊನೆಗೆ ಸೂಚಿಸಿದ್ದೀರಿ. ಬರೆಸುತ್ತೇವೆ, ಒಳ್ಳೆಯ ಸಲಹೆ. ಆದರೆ ಅದನ್ನು ಡೆಟ್ರಾಯಿಟ್ಟಿನ ಪಕ್ಕದಲ್ಲಿಟ್ಟು ಯಾರ ಕಷ್ಟ ದೊಡ್ಡದೆಂದು ತೂಗುವ ಕೆಲಸ ಮಾತ್ರ ಲೇಖಕರಿಗೆ ಹೇಳುವುದಿಲ್ಲ. ಬೆಲ್ ಐಲ್ ಗಲಭೆಯ ಬಗ್ಗೆ ನಿಮಗೆ ಇನ್ನಷ್ಟು ವಿವರ ಬೇಕಿದ್ದರೆ ಮತ್ತೆ ಬರೆಯಿರಿ. ಅದನ್ನು ಬೇರೆಯಾಗಿಯೇ ಒಂದು ಲೇಖನ ಮಾಡುವಷ್ಟು ಸರಕಿದೆ.

— ಸಂಪಾದಕ