ಒಂದೇ ರೇಖಾಗಣಿತದಿಂದ ಕಣಗಳ ದ್ರವ್ಯರಾಶಿ, ಗುರುತ್ವ, ವಿಶ್ವದ ವಯಸ್ಸು: ಇಂಥ ಸಿದ್ಧಾಂತವನ್ನು ನಂಬಬಹುದೇ?

ಪ್ರೋಟಾನ್‌ನ ದ್ರವ್ಯರಾಶಿ, ಗುರುತ್ವ, ವಿಶ್ವದ ವಯಸ್ಸು ಎಲ್ಲವನ್ನೂ ಒಂದೇ ಆಕೃತಿಯಿಂದ ಲೆಕ್ಕ ಹಾಕಿದ ಪ್ರಬಂಧ ಓದಿದ್ದೀರಿ. ಸಂಖ್ಯೆಗಳು ಇಷ್ಟು ಚೆನ್ನಾಗಿ ತಾಳೆಯಾದರೆ ನಿಜವೇ ಇರಬೇಕಲ್ವಾ ಎಂದು ಕೇಳಿದ್ದೀರಿ. ತಾಳೆಯಾದ ಮಾತ್ರಕ್ಕೆ ನಾನು ನಂಬುವುದಿಲ್ಲ.

1951ರಲ್ಲಿ ಲೆಂಜ್ ಎಂಬುವವರು ಕೆಲವೇ ಸಾಲಿನ ಟಿಪ್ಪಣಿ ಪ್ರಕಟಿಸಿದರು. ಪೈನ ಐದನೇ ಘಾತವನ್ನು 6ರಿಂದ ಗುಣಿಸಿದರೆ 1836.118. ಪ್ರೋಟಾನ್ ಎಲೆಕ್ಟ್ರಾನ್‌ಗಿಂತ ಎಷ್ಟು ಪಟ್ಟು ಭಾರ ಎಂಬ ಆಗಿನ ಅಳತೆಗೆ ಅದು ಸರಿಯಾಗಿ ಹೊಂದಿತ್ತು. ಆಮೇಲೆ ಅಳತೆ ಇನ್ನೂ ನಿಖರವಾಯಿತು, 1836.153 ಬಂತು. ಲಕ್ಷಕ್ಕೆ ಎರಡರಷ್ಟೇ ವ್ಯತ್ಯಾಸ, ಆದರೂ ಸೂತ್ರ ತಪ್ಪು. ಪೈ, ವರ್ಗಮೂಲ, ಸಣ್ಣ ಪೂರ್ಣಾಂಕಗಳನ್ನು ಹಿಡಿದು ಪಟ್ಟಾಗಿ ಕೂತರೆ ಗೊತ್ತಿರುವ ಯಾವ ಸಂಖ್ಯೆಯ ಹತ್ತಿರಕ್ಕಾದರೂ ಹೋಗಬಹುದು.

ಭೌತವಿಜ್ಞಾನಿ ಡಿರಾಕ್ 1937ರಲ್ಲಿ ಮಾಡಿದ್ದು ಬೇರೆ. ಎಲೆಕ್ಟ್ರಾನ್ ಮತ್ತು ಪ್ರೋಟಾನ್ ನಡುವಿನ ವಿದ್ಯುತ್ ಸೆಳೆತ ಅವುಗಳ ಗುರುತ್ವ ಸೆಳೆತಕ್ಕಿಂತ ಸುಮಾರು 10ರ 39ನೇ ಘಾತದಷ್ಟು ಪಟ್ಟು ಜಾಸ್ತಿ. ವಿಶ್ವದ ವಯಸ್ಸನ್ನು ಪರಮಾಣುವಿನ ಕಾಲಮಾನದಲ್ಲಿ ಎಣಿಸಿದರೂ ಅದೇ ಆಸುಪಾಸಿನ ಸಂಖ್ಯೆ. ಅವರು ಅಲ್ಲಿಗೇ ನಿಲ್ಲಲಿಲ್ಲ. ವಯಸ್ಸಿನ ಸಂಖ್ಯೆ ಬೆಳೆಯುತ್ತಲೇ ಇರುತ್ತದೆ; ಎರಡೂ ಸಂಖ್ಯೆ ಯಾವಾಗಲೂ ಹೊಂದಬೇಕಾದರೆ ವಿಶ್ವಕ್ಕೆ ವಯಸ್ಸಾದಂತೆ ಗುರುತ್ವ ಕುಗ್ಗಬೇಕು ಎಂದರು. ಅಪೊಲೊ ಯಾತ್ರಿಗಳು ಚಂದ್ರನ ಮೇಲಿಟ್ಟ ಕನ್ನಡಿಗಳಿಗೆ ಲೇಸರ್ ಬಿಟ್ಟು ದಶಕಗಟ್ಟಲೆ ಅಳೆದರೂ ಅಷ್ಟು ಕುಗ್ಗಿದ್ದು ಕಾಣಲಿಲ್ಲ. ಊಹೆ ಬಿದ್ದುಹೋಯಿತು. ಆದರೂ ಅದರ ಮೇಲೆ ನನಗೆ ಬಹಳ ಗೌರವ. ಸೋಲುವ ಅವಕಾಶವನ್ನು ಅದು ತಾನೇ ಕೊಟ್ಟಿತು.

ನನ್ನನ್ನು ನಿಜಕ್ಕೂ ಕಾಡುವುದು ಜಪಾನಿನ ಯೋಶಿಯೋ ಕೊಯಿದೆ ಅವರ ಸೂತ್ರ. ಎಲೆಕ್ಟ್ರಾನ್, ಅದರಂಥವೇ ಆದರೆ ಹೆಚ್ಚು ಭಾರದ ಕಣಗಳಾದ ಮ್ಯೂಆನ್, ಟೌ ಈ ಮೂರರ ದ್ರವ್ಯರಾಶಿಗಳನ್ನು ಕೂಡಿಸಿ. ಅವುಗಳ ವರ್ಗಮೂಲಗಳನ್ನೂ ಕೂಡಿಸಿ, ಮೊದಲ ಮೊತ್ತವನ್ನು ಈ ಎರಡನೇ ಮೊತ್ತದ ವರ್ಗದಿಂದ ಭಾಗಿಸಿ. ಉತ್ತರ 2/3. ಚಿತ್ರವಾಗಿ ನೋಡಬೇಕೆಂದರೆ, ಮೂರು ವರ್ಗಮೂಲಗಳನ್ನು ಮೂರು ಅಕ್ಷಗಳ ಮೇಲೆ ಗುರುತಿಸಿ ಬಾಣ ಎಳೆಯಿರಿ. ಮೂರೂ ಅಕ್ಷಗಳಿಗೆ ಸಮನಾಗಿ ಹೋಗುವ ಗೆರೆಯ ಜೊತೆ ಅದು 45 ಡಿಗ್ರಿ ಕೋನ ಮಾಡುತ್ತದೆ. 1980ರ ದಶಕದ ಆರಂಭದಲ್ಲಿ ಈ ಸೂತ್ರ ಬಂದಾಗ ಟೌನ ದ್ರವ್ಯರಾಶಿಯ ಅಳತೆ ಸುಮಾರು 1784 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ದ್ರವ್ಯರಾಶಿ ಹೇಳುವ ಮಾನ) ಇತ್ತು. ಸೂತ್ರ ಹೇಳಿದ್ದು 1777. 1992ರಲ್ಲಿ ಬೀಜಿಂಗ್‌ನಲ್ಲಿ ಹೊಸದಾಗಿ ಅಳೆದರು. 1777 ಬಂತು! ಯಾಕೆ ಹೀಗೆ ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಇಲ್ಲ. ಹಾಗಾಗಿ ಇದನ್ನೂ ಸಿದ್ಧಾಂತ ಎನ್ನಲಾರೆ. ಆದರೆ ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ.

ನೀವು ಓದಿದ ಪ್ರಬಂಧದಲ್ಲಿ ನ್ಯೂಟ್ರಿನೋ ಎಂಬ ಅತಿ ಹಗುರ ಕಣಗಳ ದ್ರವ್ಯರಾಶಿ ಇದೆಯಾ ಹುಡುಕಿ. ಅದನ್ನು ಇನ್ನೂ ಯಾರೂ ನೇರವಾಗಿ ಅಳೆದಿಲ್ಲ, ಹಾಗಾಗಿ ಉತ್ತರ ನೋಡಿಕೊಂಡು ಸೂತ್ರ ಹೊಂದಿಸಲು ಆಗುವುದಿಲ್ಲ. ಜರ್ಮನಿಯ ಕ್ಯಾಟ್ರಿನ್ ಪ್ರಯೋಗ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ ಎಂದಷ್ಟೇ ಹೇಳಿದೆ. ಲೇಖಕರು ಅಲ್ಲಿ ಒಂದು ಖಚಿತ ಸಂಖ್ಯೆ ಕೊಟ್ಟಿದ್ದರೆ ಇಲ್ಲಿ ಹಾಕಿ, ನಾನೂ ಕೂತು ಲೆಕ್ಕ ಮಾಡಿ ನೋಡುತ್ತೇನೆ.