ಬತ್ ಎಷ್ಟು ಲೀಟರ್ ಅಂತ ಕೇಳುವ ಮೊದಲು

ಪ್ರಶ್ನೆ: ಒಂದು ಆ್ಯಪ್‌ನಲ್ಲಿ ಬೈಬಲ್‌ನ ದ್ರವದ ಅಳತೆಯಾದ ಒಂದು ಬತ್ ಅಂದರೆ 22 ಲೀಟರ್ ಎಂದಿದೆ, ಇನ್ನೊಂದರಲ್ಲಿ 39. ಯಾವುದು ಸರಿ? ಸೊಲೊಮೋನನ ದೇವಾಲಯದ ‘ಕಂಚಿನ ಕಡಲು’ ಎಂಬ ದೊಡ್ಡ ತೊಟ್ಟಿಯ 2,000 ಬತ್ ನೀರನ್ನು ಲೀಟರಿಗೆ ತರುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಎಲ್ಲರಿಗೂ ಮೊದಲು ಲೀಟರೇ ಬೇಕು. ತಪ್ಪುವುದು ಅಲ್ಲೇ.

ಹೀಬ್ರೂ ಅಳತೆಗಳ ಒಳಗಿನ ಲೆಕ್ಕ ಗಟ್ಟಿಯಾಗಿದೆ. 4 ಲೋಗ್‌ಗೆ ಒಂದು ಕಬ್. 3 ಕಬ್‌ಗೆ ಒಂದು ಹಿನ್. 6 ಹಿನ್‌ಗೆ ಒಂದು ಬತ್. 10 ಬತ್‌ಗೆ ಒಂದು ಕೋರ್. ಹಾಗಾಗಿ ಒಂದು ಬತ್‌ನಲ್ಲಿ 72 ಲೋಗ್. ಕೊನೆಯ ಹತ್ತರ ಲೆಕ್ಕ ಯೆಹೆಜ್ಕೇಲ 45:14ರಲ್ಲಿ ನೇರವಾಗಿಯೇ ಇದೆ. ಹಿನ್‌ಗೆ 12 ಲೋಗ್ ಎಂಬುದು ಬೈಬಲ್‌ನಲ್ಲಿಲ್ಲ, ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಪರಂಪರೆಯಿಂದ ಬಂದದ್ದು. ಆದರೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಅರಣ್ಯಕಾಂಡ 15ರ ಪ್ರಕಾರ ಬಲಿಯ ಹೋರಿಯ ಜೊತೆ ಅರ್ಪಿಸಲು ಅರ್ಧ ಹಿನ್ ದ್ರಾಕ್ಷಾರಸ, ಟಗರಿಗೆ ಮೂರನೇ ಒಂದು, ಕುರಿಮರಿಗೆ ಕಾಲು. ಅಂದರೆ 6, 4, 3 ಲೋಗ್. ಎಲ್ಲೂ ಚೂರು ಉಳಿಯುವುದಿಲ್ಲ. ನನಗೆ ಇಷ್ಟವಾದ ಲೆಕ್ಕ ಇದು.

ಈಗ ಲೀಟರ್. 39 ಬಂದದ್ದು ಜೋಸೆಫಸ್‌ನಿಂದ. ಅವನು ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ. ಬತ್ ಅಂದರೆ 72 ಸೆಕ್ಸ್ಟೇರಿಯಸ್ ಎಂದು ಬರೆದ. ರೋಮನ್ನರ ಆ ಅಳತೆ ಅರ್ಧ ಲೀಟರಿಗಿಂತ ತುಸು ಜಾಸ್ತಿ. 22 ಬಂದದ್ದು ಮಣ್ಣಿನಡಿಯಿಂದ. ಪ್ರಾಚೀನ ಯೆಹೂದದ ಲಾಕೀಷ್ ಮತ್ತು ತೆಲ್ ಬೇತ್ ಮಿರ್ಸಿಮ್ ಎಂಬ ಜಾಗಗಳಲ್ಲಿ ‘ಬತ್’ ಎಂದು ಕೆತ್ತಿದ ಜಾಡಿಯ ಚೂರುಗಳು ಸಿಕ್ಕವು. ಆ ಚೂರುಗಳಿಂದ ಇಡೀ ಜಾಡಿಯನ್ನು ಊಹಿಸಿ ಮಾಡಿದ ಅಂದಾಜು ಅದು. ಅರಸರ ಕಾಲದ ಆ ಚೂರುಗಳಿಗೂ ಜೋಸೆಫಸ್‌ಗೂ ನಡುವೆ ಸುಮಾರು 800 ವರ್ಷ ಅಂತರವಿದೆ. ಅಳತೆ ಬದಲಾಗದೆ ಇರುತ್ತಾ? ನಮ್ಮ ಸೇರು, ಕೊಳಗ ಊರಿಂದ ಊರಿಗೆ ಬೇರೆ ಇರಲಿಲ್ವಾ? ಯೆರೂಸಲೇಮಿನ 5 ಅಳತೆ ಮೋಶೆಯ ಕಾಲದ 6ಕ್ಕೆ ಸಮ, ಸಿಪ್ಪೋರಿ ಎಂಬ ಊರಿನದು ಅದಕ್ಕಿಂತಲೂ ದೊಡ್ಡದು ಎಂದು ರಬ್ಬಿಗಳ ಗ್ರಂಥವಾದ ತಾಲ್ಮುದೇ ಹೇಳುತ್ತದೆ.

ಇನ್ನು ಕಡಲು. ಅಗಲ 10 ಮೊಳ, ಎತ್ತರ 5 ಮೊಳ. ಮೊಳಕ್ಕೆ 45 ಸೆಂಟಿಮೀಟರ್ ಇಟ್ಟುಕೊಳ್ಳಿ. ಪಕ್ಕಗಳು ನೆಟ್ಟಗಿದ್ದರೆ ಸುಮಾರು 36,000 ಲೀಟರ್ ಹಿಡಿಯುತ್ತದೆ, ಅರ್ಧಗೋಳದಂತಿದ್ದರೆ 24,000. ಆದರೆ 2,000 ಬತ್‌ಗೆ 22ರಂತೆ 44,000 ಆಗುತ್ತದೆ, 39ರಂತೆ 78,000. ಎರಡೂ ಹಿಡಿಸುವುದಿಲ್ಲ. 52 ಸೆಂಟಿಮೀಟರಿನ ದೊಡ್ಡ ಮೊಳ ಹಿಡಿದರೆ ನೆಟ್ಟಗಿನ ಪಾತ್ರೆಗೆ 55,000 ಬರುತ್ತದೆ, ಆಗ 22ರ ಲೆಕ್ಕ ಒಳಗೆ ಕೂರುತ್ತದೆ. ಸಾಲದ್ದಕ್ಕೆ 2 ಪೂರ್ವಕಾಲವೃತ್ತಾಂತ 4:5ರಲ್ಲಿ ಇದೇ ಕಡಲಿಗೆ 3,000 ಬತ್ ಎಂದಿದೆ. ಹಾಗಾಗಿ ದಯವಿಟ್ಟು ಈ ಕಡಲಿನಿಂದ ಬತ್ ಅನ್ನು ಅಳೆಯಲು ಹೋಗಬೇಡಿ.

ನಾನು ಮಾಡುವುದು ಇಷ್ಟು. ಅರಸರ ಕಾಲದ ಮಾತಿಗೆ 22, ಸುವಾರ್ತೆಗಳ ಕಾಲಕ್ಕೆ 39. ಎರಡಕ್ಕೂ ಮುಂದೆ ‘ಸುಮಾರು’. ದಶಮಾಂಶ ಚುಕ್ಕಿಯ ನಂತರ ನಾಲ್ಕು ಅಂಕಿ ತೋರಿಸುವ ಆ್ಯಪ್ ಕಂಡರೆ ನನಗೆ ಸಿಟ್ಟು ಬರುತ್ತದೆ, ಅಷ್ಟು ನಿಖರತೆ ಯಾರ ಬಳಿಯೂ ಇಲ್ಲ. 22ರ ಪಟ್ಟಿಯನ್ನೂ 39ರ ಪಟ್ಟಿಯನ್ನೂ ಅಂತೂ ಬೆರೆಸಲೇಬೇಡಿ. ಒಬ್ಬ ವಿದ್ಯಾರ್ಥಿ ಒಂದರಿಂದ ಲೋಗ್‌ಗೆ 0.3 ಲೀಟರ್ ತೆಗೆದ, ಇನ್ನೊಂದರಿಂದ ಬತ್‌ಗೆ 39. ಭಾಗಿಸಿದಾಗ ಬತ್‌ನಲ್ಲಿ 130 ಲೋಗ್ ಬಂತು. ಮೊದಲು ಎಲ್ಲವನ್ನೂ ಲೋಗ್‌ಗೆ ಇಳಿಸಿ, ಲೀಟರಿಗೆ ಕೊನೆಯಲ್ಲಿ ಒಂದೇ ಸಲ ಹೋಗಿ.

ಪ್ರಶ್ನೆ: ಲೋಗ್ ಅಂದರೆ ಆರು ಮೊಟ್ಟೆಯಂತೆ. ಮನೆಯಲ್ಲಿರೋ ಮೊಟ್ಟೆಯಿಂದ ಅಳೆಯಬಹುದಾ?

ಉತ್ತರ: ಬೇಡ. 18ನೇ ಶತಮಾನದಲ್ಲಿ ಪ್ರಾಗ್‌ನ ರಬ್ಬಿ ಯೆಹೆಜ್ಕೆಲ್ ಲಾಂಡೌ ಅಳೆದು ನೋಡಿದರು. ಹೆಬ್ಬೆರಳಿನ ಅಗಲದಿಂದ ಮಾಡಿದ ಲೆಕ್ಕವೂ ಮೊಟ್ಟೆಯ ಲೆಕ್ಕವೂ ಕೂಡಲಿಲ್ಲ. ಹಳೆಯ ಕಾಲಕ್ಕಿಂತ ಮೊಟ್ಟೆಗಳೇ ಅರ್ಧಕ್ಕೆ ಚಿಕ್ಕದಾಗಿವೆ ಎಂದು ತೀರ್ಮಾನಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಯೆಹೂದಿಗಳ ಪಸ್ಕ ಹಬ್ಬದ ದ್ರಾಕ್ಷಾರಸದ ಬಟ್ಟಲಿಗೆ ಬೇಕಾದ ಕಾಲು ಲೋಗ್ ಒಬ್ಬರ ಪ್ರಕಾರ 86 ಮಿಲಿಲೀಟರ್, ಇನ್ನೊಬ್ಬರ ಪ್ರಕಾರ 150.

ಪ್ರಶ್ನೆ: ಹೀಬ್ರೂನಲ್ಲಿ ‘ಬತ್’ ಅಂದರೆ ಮಗಳು ಅಲ್ವಾ? ಅಳತೆಯಲ್ಲಿ ಗುಟ್ಟಿನ ಅರ್ಥ ಇದೆಯಾ?

ಉತ್ತರ: ಅಕ್ಷರ ಒಂದೇ, ಅಷ್ಟೇ. ಸುಮ್ನೆ ಅದರ ಮೇಲೆ ಪ್ರಸಂಗ ಕಟ್ಟಬೇಡಿ.

ಪ್ರಶ್ನೆ: ಓಮೆರ್, ಹೋಮೆರ್ ಒಂದೇನಾ?

ಉತ್ತರ: ಅಲ್ಲ. ಎರಡೂ ಧಾನ್ಯದ ಅಳತೆ, ಆದರೆ ಹೋಮೆರ್ ಓಮೆರ್‌ನ ನೂರು ಪಟ್ಟು.

ಪ್ರಶ್ನೆ: ಮೋಶೆಯ ಅಳತೆಯಲ್ಲೇ, ಸರಿಯಾಗಿ ಒಂದು ಹಿನ್ ಎಣ್ಣೆ ಹಾಕಿ ಮಾಡಿದ ಅಭಿಷೇಕ ತೈಲ ಎಂದು ಮಾರುತ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಕೊಳ್ಳಬೇಡಿ. ‘ಸರಿಯಾಗಿ ಒಂದು ಹಿನ್’ ಎಷ್ಟು ಎಂದು ಮಾರುವವರಿಗೂ ಗೊತ್ತಿಲ್ಲ. ಅವರು ತೋರಿಸುವುದು ವಿಮೋಚನಕಾಂಡ 30ನ್ನು ತಾನೇ? ಅದೇ ಅಧ್ಯಾಯದ 32, 33ನೇ ವಚನಗಳನ್ನೂ ಓದಿ. ಅದೇ ಬಗೆಯಲ್ಲಿ ಬೇರೆ ಎಣ್ಣೆ ಮಾಡಬಾರದು ಎಂದೇ ಅಲ್ಲಿದೆ.